ಕುಲುಕಿ ನೋಡುವ ಕೈ

ಲಸಿಕೆ ಹಾಕುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದ ಆಕೆಯ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಆಕೆ ಕುಲುಕಮ್ಮ. ಲಸಿಕೆಯ ಶೀಶೆ ಕೈಗೆ ಬಂದರೆ ಕುಲುಕಬೇಕು, ಕಿಟಕಿಕಟ್ಟೆಯ ಮೇಲಿಟ್ಟು ನೋಡಬೇಕು, ಆಮೇಲೆಯೇ ಸೂಜಿ. "ಕೂಸು ಕೈಗೆ ಕೊಟ್ರೂ ಒಂದ್ಸಲ ಕುಲುಕಿ ನೋಡ್ತಾಳೆ" ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಆಕೆಯೂ ನಗುತ್ತಿದ್ದಳು. ಯಾಕೆ ಕುಲುಕುತ್ತೀ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಆಕೆ ಬಾಯಿ ಬಿಡುತ್ತಿರಲಿಲ್ಲ.

ಆಕೆಗೆ ಹುಟ್ಟಿನಿಂದಲೇ ಹೆಪಟೈಟಿಸ್ ಬಿ ಇತ್ತು. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ದಾಟಿ ಲಿವರಿನಲ್ಲಿ ಠಿಕಾಣಿ ಹೂಡುವ ವೈರಾಣು ಅದು. ಹುಟ್ಟಿದ ದಿನವೇ ಲಸಿಕೆ ಬಿದ್ದರೆ ಕೂಸು ಬಹುಮಟ್ಟಿಗೆ ಪಾರು. ತನ್ನ ಬಸಿರಿನ ದಿನ ತುಂಬಿದಾಗ ಆಕೆ ಲಸಿಕೆಯ ಪೆಟ್ಟಿಗೆಯನ್ನು ತಾನೇ ಕಟ್ಟಿದಳು. ತಣ್ಣಗಿದ್ದಷ್ಟೂ ಒಳ್ಳೆಯದೆಂದು ತಿಳಿದಿದ್ದ ಕಾಲ. ಶೀಶೆಗಳನ್ನು ಐಸಿನ ಗಡ್ಡೆಗಳ ನಡುವೆ ಒತ್ತಿ ಒತ್ತಿ ಇಟ್ಟಳು. ಮಗಳು ಹುಟ್ಟಿದ ಎರಡು ಗಂಟೆಯೊಳಗೆ ಅದರಿಂದಲೇ ಚುಚ್ಚಿಸಿದಳು.

ಮೂರು ತಿಂಗಳ ಮೇಲೆ ತರಬೇತಿಗೆ ಹೋದಾಗ ಅಲ್ಲಿನ ಮೇಷ್ಟ್ರು, ಈ ಲಸಿಕೆಗೆ ಸೆಕೆಗಿಂತ ಹೆಪ್ಪುಗಟ್ಟುವುದೇ ಕೇಡು ಎಂದರು. ಹೆಪ್ಪುಗಟ್ಟಿ ಕರಗಿದ ಒಂದು ಶೀಶೆ ಕುಲುಕಿ ತೋರಿಸಿದರು. ಒಡೆದ ಹಾಲಿನಂತೆ ಬಿಳಿ ಚೂರುಗಳು ತಳಕ್ಕಿಳಿದವು, ಮೇಲೆ ತಿಳಿನೀರು ನಿಂತಿತು. ವಾಪಸು ಬಂದವಳೇ ಆ ಪೆಟ್ಟಿಗೆಯದೇ ಉಳಿದು ಫ್ರಿಜ್ಜಿನಲ್ಲಿದ್ದ ಎರಡು ಶೀಶೆ ಹುಡುಕಿ ಕುಲುಕಿದಳು. ಅದೇ ಚೂರು, ಅದೇ ನೀರು. ಆ ಪೆಟ್ಟಿಗೆಯಿಂದ ಲಸಿಕೆ ಪಡೆದಿದ್ದ ಬೇರೆ ಏಳು ಕೂಸುಗಳನ್ನು ಏನೋ ನೆಪ ಹೇಳಿ ಕರೆಸಿ, ಮಗಳ ಜೊತೆಗೇ ಅವಕ್ಕೂ ಮತ್ತೆ ಚುಚ್ಚಿದಳು. ಆ ಏಳೂ ಬಚಾವಾದವು. ವರ್ಷ ತುಂಬಿದಾಗ ಮಗಳ ರಕ್ತದಲ್ಲಿ ಮಾತ್ರ ವೈರಾಣು ಸಿಕ್ಕಿತು. "ಕೆಲವರಿಗೆ ಲಸಿಕೆ ಹಿಡಿಯಲ್ಲ" ಎಂದು ಗಂಡನಿಗೆ ಹೇಳಿದಳು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಆ ವಿಷವನ್ನು ಆಕೆ ಒಬ್ಬಳೇ ನುಂಗಿ ಕೂತಳು. ಅದು ಧೈರ್ಯವಲ್ಲ, ಹೆದರಿಕೆ. ಮಗಳು ತನ್ನನ್ನು ಇನ್ನೊಂದು ಕಣ್ಣಿನಿಂದ ನೋಡಿಬಿಟ್ಟರೆ ಎಂಬ ಹೆದರಿಕೆ.

ಮಗಳಿಗೀಗ ಮೂವತ್ತು. ದಿನಾ ನುಂಗುವ ಮಾತ್ರೆ ವೈರಾಣುವನ್ನು ಅದುಮಿಡುತ್ತಿತ್ತೇ ಹೊರತು ಓಡಿಸುತ್ತಿರಲಿಲ್ಲ, ಲಿವರ್ ಗಟ್ಟಿಯಾಗತೊಡಗಿತ್ತು. ಆಗ ದೊಡ್ಡಾಸ್ಪತ್ರೆಯಲ್ಲಿ ಹೊಸ ಬಗೆಯ ಲಸಿಕೆಯ ಪ್ರಯೋಗ ಶುರುವಾಯಿತು. ಇದು ರೋಗ ಬರದಂತೆ ತಡೆಯುವುದಲ್ಲ. ಒಳಗೆ ಕೂತ ವೈರಾಣುವನ್ನು ನೆಂಟನೆಂದೇ ನಂಬಿದ ಮೈಗೆ, ಅದು ಕಳ್ಳ ಎಂದು ತಿಳಿಸಿ ಎಬ್ಬಿಸುವ ಲಸಿಕೆ. ವಾಸಿಯಾಗುತ್ತದೆ ಎಂದು ಡಾಕ್ಟರು ಮಾತು ಕೊಡಲಿಲ್ಲ, ನೋಡೋಣ ಎಂದರು. ಮೂವತ್ತು ವರ್ಷದಲ್ಲಿ ಅಷ್ಟನ್ನೂ ಯಾರೂ ಅಂದಿರಲಿಲ್ಲ. ಒಂದೇ ನಿಯಮ: ಆರು ಚುಚ್ಚುಮದ್ದು, ಒಂದರ ಗಡುವು ತಪ್ಪಿದರೂ ಪ್ರಯೋಗದಿಂದ ಹೊರಗೆ.

ಮಗಳಿಗೆ ಜ್ವರ ಬಂದು ಮೂರನೆಯ ಚುಚ್ಚುಮದ್ದು ಗಡುವಿನ ಕೊನೆಯ ದಿನಕ್ಕೆ ಬಂದು ನಿಂತಿತ್ತು. ನರ್ಸು ಪೆಟ್ಟಿಗೆ ತೆರೆದು, ಐಸಿಗೆ ಅಂಟಿಕೊಂಡಿದ್ದ ಶೀಶೆಯನ್ನು ಕಿತ್ತು ತೆಗೆದಳು. ಅದನ್ನು ಕಂಡದ್ದೇ, ಮಗಳ ಜೊತೆ ಬಂದಿದ್ದ ಕುಲುಕಮ್ಮ ಕುರ್ಚಿಯಿಂದ ಎದ್ದಳು.

"ಒಂದ್ನಿಮಿಷ. ಕೊಡಮ್ಮ ಇಲ್ಲಿ."

ಕುಲುಕಿ ಕಿಟಕಿಕಟ್ಟೆಯ ಮೇಲಿಟ್ಟಳು. ಕಾಲು ಗಂಟೆಯಲ್ಲಿ ಚೂರುಗಳು ತಳಕ್ಕಿಳಿದವು.

"ಇದು ಹೆಪ್ಪುಗಟ್ಟಿ ಹಾಳಾಗಿದೆ."

ಡಾಕ್ಟರು ಬಂದರು. "ಥರ್ಮಾಮೀಟರ್ ಸರಿಯಾಗೇ ತೋರಿಸ್ತಿದೆಯಲ್ಲಮ್ಮ."

"ಅದು ಪೆಟ್ಟಿಗೆ ನಡುವಿನ ಮಾತು. ಐಸಿಗೆ ಒತ್ಕೊಂಡ ಶೀಶೆ ಕಥೆ ಅದಕ್ಕೆ ಗೊತ್ತಾಗಲ್ಲ."

"ಅಮ್ಮಾ!" ಮಗಳು ಅಂಗಿಯ ತೋಳು ಮಡಚಿಕೊಂಡು ಆಗಲೇ ಕೂತಿದ್ದಳು. "ಇವತ್ತೇ ಕೊನೇ ದಿನ. ಸುಮ್ನಿರು. ಅಷ್ಟು ಖಾತ್ರಿಯಾಗಿ ನಿನಗೆ ಹೇಗೆ ಗೊತ್ತು?"

ಸುಮ್ಮನಿರಬಹುದಿತ್ತು. ಆದರೆ ಹಾಳಾದ ಲಸಿಕೆ ಎರಡನೆಯ ಸಲ ಅದೇ ಮೈಗೆ ಹೋಗುತ್ತಿತ್ತು.

"ನೀನು ಹುಟ್ಟಿದ ದಿನ ಹಾಕ್ಸಿದ್ದೂ ಇಂಥದ್ದೇ" ಎಂದಳು. "ನಾನೇ ಕಟ್ಟಿದ ಪೆಟ್ಟಿಗೆ. ನನ್ನ ಮಗಳಿಗೆ ಅಂತ ಐಸಿಗೆ ಒತ್ತಿ ಇಟ್ಟಿದ್ದೆ."

ಡಾಕ್ಟರು ಮೆಲ್ಲಗೆ, "ಒಳ್ಳೇ ಲಸಿಕೆನೂ ಕೆಲವು ಸಲ ಸೋಲುತ್ತೆ. ಅದರಿಂದಲೇ ಬಂತು ಅಂತ ಹೇಳೋಕಾಗಲ್ಲ" ಎಂದರು.

"ಅಲ್ಲ ಅಂತಲೂ ಹೇಳೋಕಾಗಲ್ಲ, ಅಲ್ವಾ?" ಎಂದಳು ಕುಲುಕಮ್ಮ.

ಡಾಕ್ಟರು ಉಳಿದ ಶೀಶೆಗಳನ್ನೂ ಕುಲುಕಿ ನೋಡಿದರು, ಪೆಟ್ಟಿಗೆಯನ್ನೇ ವಾಪಸು ಕಳಿಸಿದರು. ಹೊಸದು ಬರುವುದಕ್ಕೆ ನಾಲ್ಕು ದಿನ. ಮುಂದಿನ ವಾರ ಬರಬೇಕಿದ್ದ ಹನ್ನೊಂದು ಜನಕ್ಕೆ ಒಳ್ಳೆಯ ಲಸಿಕೆ ಸಿಗುತ್ತಿತ್ತು. ಮಗಳು ಮಾತ್ರ ಪ್ರಯೋಗದಿಂದ ಹೊರಬಿದ್ದಳು.

ಮಗಳು ತೋಳು ಇಳಿಸಿ ಕಿಟಕಿಯ ಹತ್ತಿರ ಹೋದಳು. ಶೀಶೆಯನ್ನು ತಾನೇ ಕುಲುಕಿ, ಚೂರೆಲ್ಲ ಇಳಿಯುವ ತನಕ ಕಣ್ಣು ಕೀಳದೆ ನಿಂತಳು.

"ಮೂವತ್ತು ವರ್ಷ ಇದನ್ನ ಒಬ್ಳೇ ನೋಡ್ತಿದ್ಯಾ?"

ಅಮ್ಮ ತಲೆಯಾಡಿಸಿದಳು.

"ನನಗೆ ತುಂಬಾ ಕೋಪ ಬಂದಿದೆ. ಮನೆಗೆ ಹೋದ್ಮೇಲೆ ಜಗಳ ಆಡ್ತೀನಿ" ಎಂದಳು ಮಗಳು. ಆಮೇಲೆ ಶೀಶೆ ಕೆಳಗಿಟ್ಟು ಅಮ್ಮನ ಬಲಗೈ ಹಿಡಿದಳು. ಮೆಟ್ಟಿಲು ಇಳಿಯುವ ತನಕವೂ ಮಗಳು ಅದನ್ನು ಬಿಡಲಿಲ್ಲ.