ಐಸಿನ ಮೇಲಿನ ಮೊದಲ ಗೆರೆ

ಮೆಲ್ಬರ್ನ್‌ನಲ್ಲಿ ಕರಿಬೇವು ಸಿಕ್ಕರೆ ನಾಲ್ಕು ಮನೆಗೆ ಫೋನ್ ಹೋಗುತ್ತಿದ್ದ ಕಾಲ ಅದು, ತೊಂಬತ್ತರ ಆಸುಪಾಸು. ಡ್ಯಾಂಡಿನಾಂಗ್‌ನ ಬಾಡಿಗೆ ಮನೆಯಿಂದ ಎರಡು ಬಸ್ ಬದಲಿಸಿ ಶನಿವಾರ ಬೆಳಿಗ್ಗೆ ನಾನು ಸ್ಕೇಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದೆ. ಹಳೇ ಕ್ಲಬ್ಬು, ಅದಕ್ಕೊಂದು ಜಂಬ. ಒಳಗೆ ಕಾಲಿಟ್ಟರೆ ಒದ್ದೆ ಕಾಲುಚೀಲದ, ಬಿಸಿ ಚಿಪ್ಸಿನ, ವಿನೆಗರಿನ ವಾಸನೆ. ಗೋಡೆ ತುಂಬ ಸತ್ತ ಅಧ್ಯಕ್ಷರ ಫೋಟೋಗಳು. ಒಬ್ಬರ ಮೂಗಿಗಿಂತ ಇನ್ನೊಬ್ಬರದು ಮೇಲೆ.

ಅಲ್ಲಿಯ ಮಹಾ ಸಂಪ್ರದಾಯವೆಂದರೆ ಮೊದಲ ಗೆರೆ. ವಾರ್ಷಿಕೋತ್ಸವದ ದಿನ ಐಸನ್ನು ನುಣ್ಣಗೆ ಮಾಡಿ ಬಿಡುತ್ತಿದ್ದರು. ಆ ವರ್ಷದ ಸ್ಕೇಟಿಂಗ್ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿ ಒಬ್ಬಳೇ ಇಳಿದು ಅದರ ಮೇಲೆ ಸ್ಕೇಟಿನ ಅಲಗಿನಿಂದ ಗೆರೆ ಎಳೆಯಬೇಕು. ಅಲ್ಲಿಯವರೆಗೆ ಒಂದು ನೊಣವೂ ಕೂರುವಂತಿಲ್ಲ. ಐಸಿಗೂ ಮಡಿ! ಅದನ್ನು ವಿವರಿಸುವಾಗ ಕ್ಲಬ್ಬಿನವರ ಮುಖ ನೋಡಬೇಕಿತ್ತು, ವೇದ ಇಳಿದದ್ದೇ ಆ ಶೆಡ್ಡಿಗೆ ಅನ್ನುವ ಹಾಗೆ.

ನನಗೆ ಹನ್ನೊಂದಾಗಿದ್ದ ವರ್ಷ ಮೊದಲು ಬಂದವಳು ನಾನು. ನಿದ್ದೆಯಲ್ಲೂ ಆ ಗೆರೆ ಎಳೆಯುತ್ತಿದ್ದೆ. ಅಷ್ಟು ಬೇಕಿತ್ತು ಅದು ನನಗೆ.

ಸ್ಕೇಟ್ಸ್ ಕಟ್ಟಿಕೊಂಡು ಅಪ್ಪ ಅಮ್ಮನ ಪಕ್ಕ ನಿಂತಿದ್ದಾಗ ಅಧ್ಯಕ್ಷೆ ಮಾರ್ಗರೇಟ್ ಬಂದಳು. ಮುತ್ತಿನ ಸರ, ಸಕ್ಕರೆ ನಗು. ಈ ವರ್ಷ ತನ್ನ ಮೊಮ್ಮಗಳು ಗೆರೆ ಎಳೆಯುತ್ತಾಳೆ, ಹಳೇ ಕುಟುಂಬದವರೇ ಮಾಡಿದರೆ ಚೆಂದ, ನಿಮ್ಮ ಮಗಳು ಹೂವು ಹಿಡಿದು ನಿಲ್ಲಲಿ ಎಂದು ಇಂಗ್ಲಿಷಿನಲ್ಲಿ ಉಲಿದಳು. ಆ ಮೊಮ್ಮಗಳೋ, ಪರೀಕ್ಷೆಯಲ್ಲಿ ದೊಪ್ಪನೆ ಬಿದ್ದವಳು.

ನಮ್ಮಪ್ಪ ಮೈಸೂರಿನ ಡಾಕ್ಟರು. "ನೋ ಪ್ರಾಬ್ಲಮ್, ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದರು. ಕಪಾಳಕ್ಕೆ ಹೊಡೆದವರಿಗೆ ಕೈ ನೋಯಿತಾ ಎಂದು ಕೇಳುವ ಸ್ವಭಾವ! ನನ್ನ ಕಡೆ ತಿರುಗಿ, "ಅಡ್ಜಸ್ಟ್ ಮಾಡ್ಕೋ ಪುಟ್ಟಿ, ಇಲ್ಲೇ ನೆಲೆಸೋಕೆ ಪಿಆರ್ ಈಗ್ತಾನೇ ಬಂದಿದೆ" ಎಂದರು. ಐಸಿಗೂ ಪಿಆರ್‌ಗೂ ಏನು ಸಂಬಂಧವೋ ಆ ಭಗವಂತನಿಗೇ ಗೊತ್ತು.

ಮಾರ್ಗರೇಟಳ ಇಂಗ್ಲಿಷ್ ಅರ್ಥವಾಗದ ಅಮ್ಮ "ಏನಂತೆ?" ಎಂದಳು. ಅಪ್ಪ ಹೇಳಿದರು.

"ಫಸ್ಟ್ ಬಂದಿದ್ದು ಇವಳು ತಾನೆ?"

"ಹೌದು ಕಣೇ, ಆದ್ರೆ ಅವ್ರ ಸಂಪ್ರದಾಯ..."

"ಅವ್ರ ಸಂಪ್ರದಾಯಕ್ಕೆ ಬೆಂಕಿ ಹಾಕ!"

ಅಮ್ಮ ಸೀರೆ ಎತ್ತಿ ಸಿಕ್ಕಿಸಿದಳು. ಐಸಿನ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಸಿಟ್ಟಿನಲ್ಲೂ ಆ ಅಭ್ಯಾಸ ತಪ್ಪಲಿಲ್ಲ. ಉಣ್ಣೆಯ ಕಾಲುಚೀಲದಲ್ಲೇ ಐಸಿನ ನಟ್ಟನಡುವಿಗೆ ನಡೆದು ಹೋಗಿ ಕನ್ನಡದಲ್ಲೇ ಕೂಗಿದಳು. "ಆಯ್ತು, ಮಡಿ ಹೋಯ್ತು! ಇನ್ನು ಯಾರ್ ಬೇಕಾದ್ರೂ ಕುಣೀಲಿ!"

ಮಾರ್ಗರೇಟ್ ಎದೆ ಹಿಡಿದುಕೊಂಡು ಕುರ್ಚಿ ಹುಡುಕಿದಳು. ಮುಂದಿನ ವಾರದಿಂದ ನಾವು ಬರಬೇಕಾಗಿಲ್ಲ ಎಂದು ಫೋನ್ ಬಂತು. ಅಪ್ಪ ಅದಕ್ಕೂ ಥ್ಯಾಂಕ್ಯೂ ಹೇಳಿದರು.

ಆ ಕ್ಲಬ್ಬು ಈಗಲೂ ಇದೆ, ಎಲ್ಲರನ್ನೂ ಅಪ್ಪಿಕೊಂಡ ಪರಂಪರೆ ತಮ್ಮದು ಎಂದು ಬೋರ್ಡು ಹಾಕಿಕೊಂಡು. ಥೂ! ಅದು ನಮಗೆ ತಪ್ಪಿಹೋದದ್ದಕ್ಕೆ ನನಗೆ ಕಿಂಚಿತ್ತೂ ದುಃಖವಿಲ್ಲ. ಆದರೆ ಆಮೇಲೆ ನಾನು ಸ್ಕೇಟ್ಸ್ ಕಟ್ಟಲೇ ಇಲ್ಲ. ಅಮ್ಮ ಇವತ್ತಿಗೂ ಮನೆಗೆ ಬಂದ ಅಂಕಲ್ ಆಂಟಿಯರಿಗೆಲ್ಲ ಈ ಕಥೆ ಹೇಳಿ, "ಮಗಳಿಗೋಸ್ಕರ ಹೆಂಗ್ ಮಾಡ್ದೆ ನೋಡಿ!" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಅವತ್ತು ಹೂವು ಹಿಡಿದೇ ನಿಲ್ಲೋಣ, ಮುಂದಿನ ವರ್ಷ ಮತ್ತೆ ಮೊದಲು ಬಂದು ಗೆರೆ ಎಳೆಯೋಣ ಅಂದುಕೊಂಡಿದ್ದೆ ಎಂದು ಅವಳಿಗೆ ಹೇಳಿಲ್ಲ.