ಗಂಗವ್ವನ ಬಾಗಲಾ

ಸಿರಸಂಗಿ ಕಾಳವ್ವನ ಆಣಿ ಮಾಡು ಅಕ್ಕಾ, ಯಾರ ಮುಂದೂ ಬಾಯಿ ಬಿಡಬ್ಯಾಡ. ಸುಂಟರಗಾಳಿ ಬಂದು ಓಣಿ ಪೂರಾ ಕೆಡವಿತಲ್ಲ, ಅವತ್ತ ನಾ ಹೊಲಕ್ಕ ಕಳೆ ತೆಗಿಯಾಕ ಹೋಗಿ ಉಳಕೊಂಡ್ನಿ. ಬಾಜೂಮನಿ ಗಂಗವ್ವ ಗ್ವಾಡಿ ಬಿದ್ದು ಸತ್ಳು. ನಾವಿಬ್ರೂ ಮಾತು ಬಿಟ್ಟು ಮೂರು ವರ್ಷ ಆಗಿತ್ತು. ಆದ್ರೂ ದಿನಾ ಸಂಜಿಕ ಆಕಿ ನನಗ ಕೇಳೂವಂಗ ಬಾಗಲಾ ದಡಕ್ಕನ ಹಾಕತಿದ್ಳು. ನಾ ಬಿಡತೇನೇನ? ಆಕಿಕಿಂತ ಜೋರ ಹಾಕತಿದ್ನಿ.

ಗಾಳಿ ನನ್ನ ಬಾಗಲಾ ಎತ್ಲಾಗೋ ಒಯ್ದು, ಆಕಿದು ತಂದು ನನ್ನ ಅಂಗಳದಾಗ ಒಗದಿತ್ತು.

ಪಂಚನಾಮೆಕ್ಕ ಬಂದ ಸಾಹೇಬ ಕೇಳಿದ, "ಇದು ಯಾರದವಾ?"

ಕೊಡಾಕ ಮನಸಾಗಲಿಲ್ಲ. "ನಂದ ರೀ."

"ಮ್ಯಾಲ ಗಂಗವ್ವ ಅಂತ ಕೊರದೈತಲ್ಲ?"

ಎರಡನೇತ್ತಾಕ್ಕ ಸಾಲಿ ಬಿಟ್ಟಾಕಿ ನಾ, ಅದನ್ನ ಹೂಬಳ್ಳಿ ಅಂತ ತಿಳದಿದ್ನಿ! "ನಾನ ಗಂಗವ್ವ ರೀ," ಅಂದಬಿಟ್ನಿ.

ಈಗ ಅದ ಮತ್ತ ಕಟ್ಟಿದ ನನ್ನ ಮನಿಗೈತಿ. ದಿನಾ ಸಂಜಿಕ ದಡಕ್ಕನ ಹಾಕತೇನಿ. ಆ ಕಡಿಂದ ಸಪ್ಪಳನ ಇಲ್ಲ.

ತಡಿ, ಯಾರೋ ಬಂದ್ರು. ಕಿಡಕ್ಯಾಗ ನೋಡತೇನಿ... ಅಯ್ಯ, ಗಂಗವ್ವನ ಮಗಳು! ಬಾಗಲಾ ಬಡಿಯೂದ ಬಿಟ್ಟು ಆ ಬಳ್ಳಿ ಮ್ಯಾಲ ಕೈ ಆಡಸಾಕ ಹತ್ಯಾಳ. ಆಕಿ ಸಾಲಿ ಕಲ್ತಾಕಿ ಅಕ್ಕಾ.