ಸಾರ್ ಹೇಳಿದ್ರು

ಜಯನಗರ ಏಳನೇ ಬ್ಲಾಕಿನ ಸೀತಾಲಕ್ಷ್ಮಿಯವರು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ಅವರ ಕೈಯಲ್ಲಿ ಕಲಿತವರು ಈಗ ಆ ಸುತ್ತಿನಲ್ಲೆಲ್ಲ ತುಂಬಿಹೋಗಿದ್ದರು. ಬ್ಯಾಂಕಿನಲ್ಲಿ ಒಬ್ಬ, ಔಷಧಿ ಅಂಗಡಿಯಲ್ಲಿ ಒಬ್ಬಳು. ಹಲ್ಲು ಕೀಳಿಸಿಕೊಳ್ಳಲು ಹೋದರೆ ಡಾಕ್ಟರೂ ಶಿಷ್ಯನೇ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಚೌಕಾಸಿ ಮಾಡುವಂತಿರಲಿಲ್ಲ, ಬೆನ್ನ ಹಿಂದಿನಿಂದ "ನಮಸ್ತೆ ಮಿಸ್" ಎಂದು ದನಿ ಬರುತ್ತಿತ್ತು. ಯಾರಿಗೂ ಪರಿಚಯವಿಲ್ಲದ ಹೆಂಗಸಾಗಿ ಒಂದೆರಡು ದಿನ ಓಡಾಡಬೇಕು ಎನ್ನುವ ಆಸೆ ಅವರಿಗೆ ನಿವೃತ್ತಿಗೆ ಮುಂಚಿನಿಂದಲೂ ಇತ್ತು. ಅದನ್ನು ಯಾರ ಬಳಿಯೂ ಹೇಳಿರಲಿಲ್ಲ. ಹೇಳಿದರೆ ಯಾರಿಗೆ ಅರ್ಥವಾಗುತ್ತದೆ?

ಸೈಕಲ್ ಕಲಿತದ್ದು ಐವತ್ತಾರನೇ ವಯಸ್ಸಿನಲ್ಲಿ. ಎರಡು ಸಲ ಬಿದ್ದರು, ಒಂದು ಸಲ ಮೊಣಕೈ ತರಚಿಹೋಯಿತು, ಬಿಡಲಿಲ್ಲ. ತಿಲಕ್ ನಗರದ ಸೈಕಲ್ ಅಂಗಡಿ ಮಾಧವನ ಹತ್ತಿರ ಕೂತು ಪಂಕ್ಚರ್ ಹಾಕುವುದನ್ನೂ ಕಲಿತರು. ಐವತ್ತೊಂಬತ್ತಕ್ಕೆ ಬರುವ ಹೊತ್ತಿಗೆ ಮನಸ್ಸಿನಲ್ಲಿ ಒಂದು ದಾರಿ ಗೊತ್ತಾಗಿತ್ತು. ತರೀಕೆರೆಯ ಆಚೆ ಬಹಳ ಹಿಂದೆ ಮರದ ದಿಮ್ಮಿ ಸಾಗಿಸಲು ಒಂದು ಪುಟ್ಟ ರೈಲು ಓಡುತ್ತಿತ್ತು. ಹಳಿ ಕಿತ್ತು ಎಷ್ಟೋ ದಶಕಗಳಾಗಿದ್ದವು. ಹಳಿ ಹಾಸಿದ್ದ ಮಣ್ಣಿನ ಏರಿ ಮಾತ್ರ ಅಲ್ಲಲ್ಲಿ ಉಳಿದಿತ್ತು. ಹಳೆಯ ನಕ್ಷೆಯೊಂದರಲ್ಲಿ ಆ ಗೆರೆಯನ್ನು ಅವರು ಪೆನ್ಸಿಲಿನಿಂದ ತಿದ್ದಿಟ್ಟುಕೊಂಡಿದ್ದರು. ಮೂರು ದಿನ, ಬೆನ್ನಿಗೊಂದು ಬ್ಯಾಗು, ಒಬ್ಬರೇ.

ಯಜಮಾನರು ಅನಂತಪದ್ಮನಾಭ. ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ, ಗ್ಯಾಸ್ ಆರಿಸಿದೆಯೇ ಎಂದು ವಾಪಸು ಬರುವ ಜಾತಿ.

"ಅಷ್ಟು ದೂರ ಸೈಕಲ್ ಹೇಗೆ ತಗೊಂಡ್ ಹೋಗ್ತೀಯ? ಕಾರಲ್ಲಿ ಹಾಕ್ಕೊಂಡು ತರೀಕೆರೆವರೆಗೂ ಬಿಟ್ ಬರ್ತೀನಿ," ಎಂದರು.

"ಬಿಟ್ಟು ವಾಪಸ್ ಬಂದ್ಬಿಡ್ಬೇಕು."

"ಇನ್ನೇನು, ಅಲ್ಲೇ ಇರ್ತೀನಾ?"

ಜನವರಿಯ ಒಂದು ಬೆಳಿಗ್ಗೆ ಹಾಗೇ ಹೊರಟರು. ತರೀಕೆರೆ ದಾಟಿ, ಏರಿ ಶುರುವಾಗುವ ಕಡೆ ಸೈಕಲ್ ಇಳಿಸಿಕೊಟ್ಟ ಅನಂತಪದ್ಮನಾಭ ಮೂರು ಸಲ ಬ್ರೇಕು ಒತ್ತಿ ನೋಡಿ, ಕೈ ಬೀಸಿ ಹೊರಟುಹೋದರು. ಸೀತಾಲಕ್ಷ್ಮಿ ಕೆಂಪು ಹೆಲ್ಮೆಟ್ ಹಾಕಿಕೊಂಡು ತುಳಿಯತೊಡಗಿದರು. ದಾರಿ ಕಾಲುಹಾದಿಯಷ್ಟೇ ಅಗಲ, ಎರಡೂ ಕಡೆ ಲಂಟಾನದ ಪೊದೆ. ಎದೆ ಹಗುರವಾಯಿತು.

ಆ ಹಗುರ ನಾಲ್ಕು ಕಿಲೋಮೀಟರು ಬಾಳಿತು. ಮೊದಲ ಹಳ್ಳಿಯ ಅರಳೀಕಟ್ಟೆಯ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು.

"ಬಂದ್ರು ನೋಡ್ರೋ, ಟೀಚರಮ್ಮ ಬಂದ್ರು!"

ಸೀತಾಲಕ್ಷ್ಮಿ ಬ್ರೇಕು ಹಾಕಿದರು. "ನಾನು ಟೀಚರ್ ಅಂತ ನಿಮಗ್ಯಾರು ಹೇಳಿದ್ದು?"

"ಸಾರ್ ಹೇಳಿದ್ರು. ಈಗ್ಲೇ ಕಾರಲ್ಲಿ ಬಂದಿದ್ರಲ್ಲ. ಕೆಂಪು ಹೆಲ್ಮೆಟ್ ಬರುತ್ತೆ, ಎಳನೀರು ಕೊಟ್ಟು ಐದು ನಿಮಿಷ ಕೂರಿಸಿ ಕಳ್ಸಿ ಅಂದ್ರು."

ಬೇಡವೆಂದರೂ ಕೇಳದೆ ಎಳನೀರು ಕೊಟ್ಟರು, ಕೂರಿಸಿದರು. ಎಷ್ಟು ಜನ ಮಕ್ಕಳು, ಪೆನ್ಷನ್ ಬರುತ್ತದೆಯೇ, ಈ ವಯಸ್ಸಿನಲ್ಲಿ ಇದೇನು ಹರಕೆಯೇ ಎಂದು ವಿಚಾರಿಸಿಕೊಂಡರು. ಎರಡನೇ ಹಳ್ಳಿಯಲ್ಲಿ ಶಾಲೆಯ ಮೇಷ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು, "ಸಾರ್ ಹೇಳಿದ್ರು ಮೇಡಂ, ನಮ್ಮ ಮಕ್ಕಳಿಗೆ ಭೂಗೋಳದ ಬಗ್ಗೆ ಎರಡು ಮಾತು." ಬೆವರು ಒರೆಸಿಕೊಳ್ಳುತ್ತ ಸೀತಾಲಕ್ಷ್ಮಿ ಅಕ್ಷಾಂಶ ರೇಖಾಂಶ ಹೇಳಿದರು. ಏರಿಗೆ ಡಾಂಬರು ರಸ್ತೆ ಅಡ್ಡ ಬರುವ ಕಡೆಯೆಲ್ಲ ಆ ಬಿಳಿ ಕಾರು ಹೊಂಗೆ ಮರದ ಕೆಳಗೆ ನಿಂತಿರುತ್ತಿತ್ತು. ಅವರನ್ನು ಕಂಡೊಡನೆ, ತಾನು ಕಂಡೇ ಇಲ್ಲವೆಂಬಂತೆ ಮುಂದಕ್ಕೆ ಹೋಗುತ್ತಿತ್ತು.

ಫೋನು ಮಾಡಿದರೆ, "ಅಯ್ಯೋ, ಬೆಂಗಳೂರು ದಾರೀಲಿದ್ದೀನಿ ಕಣೆ," ಎಂದರು ಅನಂತಪದ್ಮನಾಭ. ಹಿಂದಿನಿಂದ ಕೋಳಿ ಕೂಗಿದ್ದು ಕೇಳಿಸಿತು.

ಸಂಜೆ ಸೀತಾಲಕ್ಷ್ಮಿ ತಾವೇ ಹದಿನೈದು ದಿನ ಮುಂಚೆ ಫೋನಿನಲ್ಲಿ ಗೊತ್ತು ಮಾಡಿಕೊಂಡಿದ್ದ ರೂಮಿಗೆ ತಲುಪಿದರು. ಮನೆಯೊಡತಿ ಬಿಸಿ ಅನ್ನ ಬಡಿಸಿದಳು. ಹಸಿವಿನಲ್ಲಿ ಸಾರು ಕಲಸಿ ಬಾಯಿಗಿಟ್ಟರೆ ಸಪ್ಪೆ.

"ಇದಕ್ಕೆ ಉಪ್ಪು ಹಾಕಿಲ್ವೇನಮ್ಮ?"

"ಇಲ್ಲ ಮೇಡಂ. ನಿಮಗೆ ಬಿಪಿ ಅಂತೆ. ಸಾರ್ ಹೇಳಿದ್ರು."

ಸೀತಾಲಕ್ಷ್ಮಿ ತಟ್ಟೆಯ ಮುಂದೆಯೇ ಕಣ್ಣು ಮುಚ್ಚಿ ಕೂತರು. ಇಡೀ ಜಯನಗರವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಂತಾಗಿತ್ತು.

ಮರುದಿನ ಬೆಳಿಗ್ಗೆ ಮೊದಲ ಅಡ್ಡರಸ್ತೆಯಲ್ಲಿ ಅವರು ಸೈಕಲ್ಲನ್ನು ನೆಟ್ಟಗೆ ಕಾರಿನ ಮುಂದೆ ತಂದು ನಿಲ್ಲಿಸಿದರು, ಕಾರು ಕದಲದಂತೆ. ಅನಂತಪದ್ಮನಾಭ ಗಾಜು ಇಳಿಸಿದರು. ತೊಡೆಯ ಮೇಲೆ ಫ್ಲಾಸ್ಕು ಇತ್ತು.

"ಕಾಫಿ ಕುಡೀತೀಯಾ?"

"ಇಳೀರಿ ಕೆಳಗೆ."

ಇಳಿದರು.

"ಏನ್ರೀ ಇದು? ನಾನು ಬಿದ್ದೋಗ್ತೀನಿ ಅಂತ ಭಯವಾ?"

"ಛೆ, ನೀನು ನನಗಿಂತ ಗಟ್ಟಿ."

"ಮತ್ತೆ?"

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತರು. "ಮನೇಲಿ ಒಬ್ನೇ ಕೂತ್ಕೊಂಡು ಏನ್ ಮಾಡ್ಲಿ? ಇಲ್ಲಾದ್ರೆ ಏನೋ ಒಂದು ಕೆಲಸ. ಮುಂದೆ ಹೋಗೋದು, ಹೇಳೋದು, ಕಾಯೋದು. ನಿನ್ನೆ ಚೆನ್ನಾಗಿತ್ತು ಕಣೆ."

"ನಿಮಗೆ ಚೆನ್ನಾಗಿತ್ತು! ಮೂರು ದಿನ, ಬರೀ ಮೂರು ದಿನ, ಯಾರಿಗೂ ಗೊತ್ತಿಲ್ದೋಳಾಗಿ ಇರ್ಬೇಕು ಅಂತ ಬಂದೆ. ನೀವು ಊರೂರಿಗೆ ಡಂಗುರ ಹೊಡ್ಕೊಂಡ್ ಹೋಗ್ತಿದ್ದೀರ. ನನ್ನ ಬಿಪಿ ಕೂಡ ಊರಿಗೆಲ್ಲ ಗೊತ್ತು! ಮನೆಗೆ ಹೋಗಿ!"

ಅಷ್ಟು ಜೋರಾಗಿ ಅವರು ಕ್ಲಾಸಿನಲ್ಲೂ ಕೂಗಿದವರಲ್ಲ. ಅನಂತಪದ್ಮನಾಭ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದರು. ಆಮೇಲೆ, "ಸರಿ. ಹೋಗು," ಎಂದಷ್ಟೇ ಹೇಳಿ ಕಾರು ತಿರುಗಿಸಿದರು. ಮುಖ ಊದಿಕೊಂಡಿತ್ತು. ಈ ಸಲ ನಿಜಕ್ಕೂ ಹೋದರು.

ಸೀತಾಲಕ್ಷ್ಮಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಇನ್ನಷ್ಟು ಸಿಟ್ಟು ಬಂತು. ಕಳಿಸಿದ್ದೂ ತಪ್ಪೆನಿಸುವಂತೆ ಹೋದರಲ್ಲ ಎಂದು ಗೊಣಗುತ್ತಲೇ ಹತ್ತು ಕಿಲೋಮೀಟರು ತುಳಿದರು. ಏರಿಯ ಮೇಲೆ ಮೇಕೆ ಕಾಯುತ್ತಿದ್ದ ಅಜ್ಜಿಯೊಬ್ಬಳು, "ಕಣ್ಣು ಕಾಣಾಕಿಲ್ವೇನಮ್ಮೀ, ಮೇಕೆ ಬೆದರಿಸ್ಕೊಂಡ್ ಹೋಯ್ತಿದೀಯಾ!" ಎಂದು ಬೈದಾಗ ಸಿಟ್ಟು ಇಳಿದುಹೋಯಿತು. ಎಷ್ಟು ವರ್ಷವಾಗಿತ್ತೋ, ಯಾರಾದರೂ ಅವರನ್ನು ಹೀಗೆ ಧಾರಾಳವಾಗಿ ಬೈದು! ಅಂದು ಇಡೀ ದಿನ ಯಾರೂ ಎದ್ದು ನಿಲ್ಲಲಿಲ್ಲ. ಹೋಟೆಲಿನವನು ಚಟ್ನಿ ಕೊಡಲು ಮರೆತ. ಅವರು ಕೇಳಿ ಹಾಕಿಸಿಕೊಂಡರು.

ಮೂರನೇ ದಿನ ಮಧ್ಯಾಹ್ನ ಏರಿ ನೀರಿಗಿಳಿಯಿತು. ಅಣೆಕಟ್ಟಿನ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿತ್ತು. ನಕ್ಷೆಯ ಪೆನ್ಸಿಲ್ ಗೆರೆ ಮಾತ್ರ ನೀರಿನೊಳಗೆ ಸಲೀಸಾಗಿ ಮುಂದೆ ಹೋಗಿತ್ತು. ಭೂಗೋಳದ ಟೀಚರು ನಕ್ಷೆಯ ಇಸವಿ ನೋಡಿರಲಿಲ್ಲ! ತಮ್ಮ ಮೇಲೆಯೇ ರೇಗಿಹೋಯಿತು. ಸಾಲದ್ದಕ್ಕೆ ಹಿಂದಿನ ಟೈರು ಚೂಪು ಕಲ್ಲಿಗೆ ಸಿಕ್ಕಿ ಪಕ್ಕದಲ್ಲಿ ಬಾಯಿ ಬಿಟ್ಟಿತು. ಪಂಕ್ಚರ್ ಹಾಕಿ ಮುಗಿಯುವ ಗಾಯವಲ್ಲ. ಎರಡು ಕಿಲೋಮೀಟರು ತಳ್ಳಿಕೊಂಡು ಬಂದು ರಸ್ತೆ ಸೇರಿ, ಬೇರೆ ದಾರಿ ಕಾಣದೆ ಫೋನು ಮಾಡಿದರು.

"ಎಲ್ಲಿದ್ದೀರ?"

"ಮನೇಲಿ. ಗಿಡಕ್ಕೆ ನೀರು ಹಾಕ್ತಿದ್ದೀನಿ."

"ನಿಜವಾಗ್ಲೂ?"

"ನೀನೇ ತಾನೇ ಹೋಗಿ ಅಂದಿದ್ದು? ಏನಾಯ್ತು?"

"ಏನಿಲ್ಲ," ಎಂದು ಕಟ್ ಮಾಡಿದರು. ಬೇಡದಾಗ ಮರಕ್ಕೊಂದರಂತೆ ನಿಂತಿರುತ್ತಿದ್ದ ಕಾರು ಬೇಕಾದಾಗ ಏಳನೇ ಬ್ಲಾಕಿನಲ್ಲಿತ್ತು.

ಮುಕ್ಕಾಲು ಗಂಟೆಯ ಮೇಲೆ ಶುಂಠಿ ಮೂಟೆ ಹೇರಿಕೊಂಡ ಲಗೇಜ್ ಆಟೋ ಒಂದು ನಿಂತಿತು. ಓಡಿಸುತ್ತಿದ್ದವನು ಗುಂಡಣ್ಣ. ಸೈಕಲ್ಲನ್ನು ಮೂಟೆಗಳ ಮೇಲೆ ಕಟ್ಟಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಏನಕ್ಕ ನಿಮ್ಮ ಹೆಸರು? ಏನ್ ಕೆಲ್ಸ ಮಾಡ್ಕಂಡಿದೀರ?" ಎಂದು ಕೇಳಿದ.

"ಗೌರಮ್ಮ," ಎಂದುಬಿಟ್ಟಿತು ಬಾಯಿ. "ಹನುಮಂತನಗರದಲ್ಲಿ ಸೈಕಲ್ ಅಂಗಡಿ ಇದೆ ನಂದು."

ತಾವೇ ಬೆಚ್ಚಿದರು. ಆದರೆ ಗುಂಡಣ್ಣ ತಲೆಯಾಡಿಸಿ ನಂಬಿದ. ಆಮೇಲೆ ತಡೆಯೇ ಇರಲಿಲ್ಲ. ಅಂಗಡಿ ಅಪ್ಪನ ಕಾಲದ್ದು, ಗಿರಾಕಿಗಳು ಸರಿಯಿಲ್ಲ, ಈಗಿನ ಟ್ಯೂಬುಗಳಿಗೆ ಮೊದಲಿನ ಬಾಳಿಕೆ ಇಲ್ಲ. ಸೀತಾಲಕ್ಷ್ಮಿ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು.

ತರೀಕೆರೆ ಹತ್ತಿರವಾದಾಗ ಗುಂಡಣ್ಣ ಆಟೋವನ್ನು ಒಂದು ಹೆಂಚಿನ ಮನೆಯ ಮುಂದೆ ನಿಲ್ಲಿಸಿದ. "ದೇವ್ರು ಕಳ್ಸಿದಂಗೆ ಸಿಕ್ಕಿದ್ರಿ ನೋಡಿ. ನನ್ನ ಮಗಳ ಸೈಕಲ್ಲು ದಿನಾ ಚೈನ್ ಕಳಚ್ಕತದೆ. ಒಂದ್ ಕಿತ ನೋಡ್ಬಿಡಿ ಗೌರಕ್ಕ."

ಸುಳ್ಳು ಹೇಳಿದ್ದಕ್ಕೆ ಇದೇ ಆಗಬೇಕು ಎಂದು ಬೈದುಕೊಳ್ಳುತ್ತ ಅವರು ಅಂಗಳದಲ್ಲಿ ಮೊಣಕಾಲೂರಿದರು. ಚೈನಿನ ವಿಷಯ ಮಾಧವ ಹೇಳಿಕೊಟ್ಟಿರಲಿಲ್ಲ. ಮೂರು ಸಲ ಹಾಕಿದರು, ಮೂರು ಸಲವೂ ಕಳಚಿತು. ಮೊಣಕೈವರೆಗೆ ಗ್ರೀಸು. ನಾಲ್ಕನೇ ಸಲಕ್ಕೆ ಸುಮ್ಮನೆ ಕೂತು ನೋಡಿದರು: ಚೈನು ಜೋಲುತ್ತಿದೆ, ಹಿಂದಿನ ಚಕ್ರ ಮುಂದಕ್ಕೆ ಸರಿದಿದೆ. ಬ್ಯಾಗಿನಿಂದ ಸ್ಪ್ಯಾನರ್ ತೆಗೆದು ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆದು ಬಿಗಿ ಮಾಡಿದರು. ಹುಡುಗಿ ಲಿಖಿತಾ ಹತ್ತಿ ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಚೈನು ಕಳಚಲಿಲ್ಲ.

"ಕಸುಬುದಾರರೇ ಬೇರೆ," ಎಂದ ಗುಂಡಣ್ಣ. ಬಾಡಿಗೆ ಬೇಡವೇ ಬೇಡವೆಂದ. ಒಂದು ಚೀಲ ಶುಂಠಿಯನ್ನೂ ಕೊಟ್ಟು ಬಸ್ಸು ಹತ್ತಿಸಿದ. ಸೈಕಲ್ಲು ಬಸ್ಸಿನ ಟಾಪಿಗೇರಿತು.

ಬಾಗಿಲು ತೆರೆದ ಅನಂತಪದ್ಮನಾಭ ಮೊದಲು ಸೈಕಲ್ ನೋಡಿದರು, ಆಮೇಲೆ ಹೆಂಡತಿಯ ಕೈ.

"ಇದೇನೆ ಗ್ರೀಸು?"

"ಚೈನು ಕಳಚಿತ್ತು."

"ಯಾರ್ದು?"

"ದಾರೀಲಿ ಯಾರ್ದೋ," ಎಂದರು ಸೀತಾಲಕ್ಷ್ಮಿ. ಹಿನ್ನೀರಿನ ವಿಷಯ ಹೇಳಿದರು, ಮೇಕೆ ಅಜ್ಜಿಯ ಬೈಗುಳವನ್ನು ಅಭಿನಯಿಸಿಯೇ ತೋರಿಸಿದರು. ಗೌರಮ್ಮನ ಸುದ್ದಿ ಮಾತ್ರ ಎತ್ತಲಿಲ್ಲ. ಶುಂಠಿ ಎಲ್ಲಿಯದೆಂದು ಕೇಳಿದ್ದಕ್ಕೆ, "ಸಂಪಾದನೆ," ಎಂದು ಹೇಳಿ ಕೈ ತೊಳೆಯಲು ಹೋದರು.